ನಮಗಿಂತ ಮೊದಲು ಮನೆ ನೋಡಿದವಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಕೇಳುತ್ತಿದ್ದ ಪ್ರಶ್ನೆ ಎರಡೇ: ಯಾವ ದಿನ, ಎಷ್ಟು ಗಂಟೆಗೆ? ಅಲ್ಲಿಗೆ ಹೆಚ್ಚಿನವರ ಕಥೆ ಕುಂಟುತ್ತಿತ್ತು. ಹತ್ತನೆಯ ತರಗತಿಯಿಂದ ನಾನು ದಿನಚರಿ ಬರೆಯುತ್ತ ಬಂದಿದ್ದೇನೆ. ದಿನಚರಿ ಎಂದರೆ ಮನಸ್ಸಿನ ಮಾತಲ್ಲ. ಬಸ್ಸು ಎಷ್ಟು ಹೊತ್ತಿಗೆ ಬಂತು, ನಳದ ನೀರು ಎಷ್ಟು ದಿನಕ್ಕೊಮ್ಮೆ ಬಿಟ್ಟರು, ಅವ್ವ ಆ ವಾರ ಎಷ್ಟು ಜಂಪರ್ ಹೊಲಿದಳು, ಇಂಥವು. ಬರೆದಿಟ್ಟದ್ದು ಸುಳ್ಳಾಗುವುದಿಲ್ಲವೆಂಬ ನಂಬಿಕೆ ನನ್ನದು. ಈಗಲೂ ಅದನ್ನು ಬಿಟ್ಟಿಲ್ಲ. ತೊಂದರೆ ಇರುವುದೇ ಅಲ್ಲಿ. ನಾಲ್ಕು ವರ್ಷದ ಹಿಂದೆ ನಡೆದ ಈ ಒಂದು ಸಂಗತಿಯಲ್ಲಿ ನಾನು ಬರೆದಿಟ್ಟದ್ದೂ ಸುಳ್ಳಲ್ಲ, ಇನ್ನೊಬ್ಬರು ಕಣ್ಣಾರೆ ಕಂಡದ್ದೂ ಸುಳ್ಳೆನ್ನಲು ಬರುವುದಿಲ್ಲ.

ಅಪ್ಪ ತೀರಿಕೊಂಡಾಗ ನಾನು ಎರಡನೆಯ ತರಗತಿಯಲ್ಲಿದ್ದೆ. ಅಲ್ಲಿಂದ ಮುಂದೆ ನಾನು, ಅವ್ವ, ಅವಳ ಹೊಲಿಗೆ ಯಂತ್ರ ಮೂವರೂ ಕಲಬುರಗಿಯ ಒಂಬತ್ತು ಬಾಡಿಗೆ ಮನೆಗಳಲ್ಲಿ ಇದ್ದು ಬಂದೆವು. ಕುಸನೂರಿನಲ್ಲಿ ಎರಡು, ತಾಜಸುಲ್ತಾನಪುರದ ದಾರಿಯಲ್ಲಿ ಒಂದು. ಕೊನೆಯದು ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ. ಮನೆ ನೋಡುವುದರಲ್ಲಿ ಅವ್ವನದೊಂದು ಪದ್ಧತಿ. ಪಡಸಾಲೆ, ಅಡುಗೆಮನೆ ಯಾವುದನ್ನೂ ನೋಡದೆ ನೇರ ಬಚ್ಚಲಿಗೆ ಹೋಗಿ, ಒಂದು ಚರಿಗೆ ನೀರು ಸುರಿದು, ಅದು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತ ನಿಲ್ಲುತ್ತಿದ್ದಳು. ನೀರು ನಿಂತರೆ ಆ ಮನೆ ಬೇಡ. ಮಾಲೀಕರು ಒಳಗೊಳಗೇ ನಗುತ್ತಿದ್ದರು. ನಾನು ನಾಚಿಕೆಯಿಂದ ಹೊರಗೆ ನಿಲ್ಲುತ್ತಿದ್ದೆ.

ನನಗೆ ಕೊಂಕಣ ತೀರದ ಒಂದು ಸಣ್ಣ ಊರಿನಲ್ಲಿ, ಮೀನು ಶೇಖರಿಸಿ ಹೊರಗೆ ಕಳಿಸುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಮಹಾರಾಷ್ಟ್ರ, ಅಂದರೆ ಬೇರೆ ರಾಜ್ಯ, ನಾವು ಯಾರೂ ಕಾಣದ ಊರು. ಅವ್ವ ಮೊದಲು ನಕ್ಕಳು. "ನಮ್ಮ ಮನ್ಯಾಗ ತತ್ತಿ ಸುದ್ದಾ ಒಡದಿಲ್ಲ, ನೀ ಮೀನಿನ ಡಾಕ್ಟರ್ ಆಗಾಕ ಹೊಂಟಿ." ಆಮೇಲೆ ನಗು ನಿಲ್ಲಿಸಿ, ತಾನು ಬರಬೇಕಾದರೆ ಸ್ವಂತ ಮನೆಯಾಗಬೇಕು, ಹತ್ತನೆಯ ಬಾಡಿಗೆ ಮನೆಗೆ ಸಾಮಾನು ಹೊರುವ ತ್ರಾಣ ತನ್ನಲ್ಲಿಲ್ಲ ಎಂದಳು. ಹಟದ ಮಾತಾಗಿರಲಿಲ್ಲ ಅದು. ಮೂವತ್ತು ವರ್ಷ ಯಂತ್ರ ತುಳಿದು ಅವಳ ಎರಡೂ ಮೊಣಕಾಲು ಸವೆದಿದ್ದವು. ಕುಳಿತರೆ ಏಳಲಾರಳು, ಎದ್ದರೆ ನಡೆಯಲಾರಳು. ಅವಳನ್ನು ಒಬ್ಬಳನ್ನೇ ಬಿಟ್ಟು ಹೋಗುವ ಮಾತಂತೂ ಇರಲಿಲ್ಲ. ಮನೆ ಸಿಗದಿದ್ದರೆ ಕೆಲಸ ಬಿಡಬೇಕು, ಅಷ್ಟೆ.

ಹಾಗಾಗಿ ಕಲಬುರಗಿಯಲ್ಲಿ ಕುಳಿತು ಸಮುದ್ರದ ದಂಡೆಯಲ್ಲಿ ಮನೆ ಹುಡುಕಿದೆ. ಅಲ್ಲಿನ ಏಜೆಂಟ್ ಮೊಬೈಲ್ ಹಿಡಿದುಕೊಂಡು ಒಂದೊಂದೇ ಮನೆ ತೋರಿಸುತ್ತಿದ್ದ. ಎರಡು ತಿಂಗಳಲ್ಲಿ ಹದಿನೇಳು ಮನೆ. ಹದಿನೇಳನೆಯದು ಕೆಂಪು ಜಂಬಿಟ್ಟಿಗೆಯ ಹಳೆಯ ಮನೆ. ಎರಡು ಕೋಣೆ, ಹಿಂದೆ ಬಾವಿ. ಅದನ್ನು ಆರು ಸಲ ವಿಡಿಯೊ ಕರೆಯಲ್ಲಿ ನೋಡಿದೆ. ಅವನ ಹೆಜ್ಜೆ ಎಣಿಸಿ ಕೋಣೆಗಳ ಅಳತೆ ಹಾಕಿದೆ, ಕಿಟಕಿಗಳನ್ನು ಎಣಿಸಿದೆ. ಮುಂಗಡ ಕೊಟ್ಟೆವು. ಅವ್ವ ಆ ವಿಡಿಯೊಗಳನ್ನು ಸರಿಯಾಗಿ ನೋಡಲೂ ಇಲ್ಲ. ಫೋನಿನಲ್ಲಿ ನೋಡಿದ ಮನೆ ಫೋನಿನಲ್ಲಿ ಉಂಡ ಊಟ ಇದ್ದ ಹಾಗೆ ಎನ್ನುತ್ತಿದ್ದಳು.

ಏಪ್ರಿಲ್ ಕೊನೆಯ ವಾರ, ಊರು ಬಿಡುವ ಮೊದಲು ಒಮ್ಮೆ ನೋಡಿಕೊಂಡು ಬರೋಣವೆಂದು ಕಮಲಾಪುರದ ಚಿಗವ್ವನ ಮನೆಗೆ ಹೋದೆವು. ಮಾರನೆಯ ದಿನವೇ ಅವ್ವನಿಗೆ ಬಿಸಿಲು ಬಡಿದು ಜ್ವರ ಬಂತು. ವೈದ್ಯರು ಬಂದು ಗುಳಿಗೆ ಕೊಟ್ಟು, ತಣ್ಣೀರ ಪಟ್ಟಿ ಹಾಕುತ್ತಿರಿ ಎಂದು ಹೇಳಿ ಹೋದರು. ನಾನು ಥರ್ಮಾಮೀಟರ್ ಹಿಡಿದು ಅರ್ಧ ತಾಸಿಗೊಮ್ಮೆ ಜ್ವರ ಬರೆಯುತ್ತ ಪಕ್ಕದಲ್ಲಿ ಕುಳಿತೆ. ಆ ಪುಟ ಈಗಲೂ ನನ್ನಲ್ಲಿದೆ. ಮಧ್ಯಾಹ್ನ ಎರಡಕ್ಕೆ ನೂರಾ ಮೂರು. ಎರಡೂವರೆಗೆ ಒಮ್ಮೆಲೆ ತೊಂಬತ್ತೆಂಟು. ಆಮೇಲೆ ನಾಲ್ಕರವರೆಗೂ ಅಷ್ಟೇ. ಆ ಹೊತ್ತಿನಲ್ಲಿ ಅವಳು ಎಂಥ ನಿದ್ದೆಯಲ್ಲಿದ್ದಳೆಂದರೆ, ಕರೆದರೂ ಅಲುಗಾಡಿಸಿದರೂ ಏಳಲಿಲ್ಲ. ನಾನು ಹೆದರಿ ಉಸಿರು ಎಣಿಸಿದೆ. ನಿಮಿಷಕ್ಕೆ ಹದಿನಾಲ್ಕು. ಚಿಗವ್ವ, "ಮಲಗಲಿ ಬಿಡು, ಯಾವ ಕಾಲದ ದಣಿವೋ ಏನೋ" ಎಂದಳು. ನಾಲ್ಕು ಗಂಟೆಗೆ ತಾನೇ ಎದ್ದು ಚಹಾ ಕೇಳಿದಳು. ಅಷ್ಟೇ. ಅಂದು ನನಗೆ ಬೇರೇನೂ ವಿಚಿತ್ರವೆನಿಸಲಿಲ್ಲ.

ಹನ್ನೊಂದು ದಿನದ ಬಳಿಕ ನೋಂದಣಿಗೆಂದು ನಾನೊಬ್ಬಳೇ ಹೊರಟೆ. ಸೊಲ್ಲಾಪುರದವರೆಗೆ ರೈಲು, ಮುಂದೆ ಎರಡು ಬಸ್ಸು. ಏಜೆಂಟ್ ನನ್ನನ್ನು ಕೆಳಗಿನ ರಸ್ತೆಯಲ್ಲಿ ಇಳಿಸಿಕೊಂಡು ಮೇಲಕ್ಕೆ ಕೈ ತೋರಿಸಿದ. ಮನೆ ಗುಡ್ಡದ ಪಕ್ಕದಲ್ಲಿತ್ತು. ಅಲ್ಲಿಗೆ ಹೋಗಲು ಬೇರೆ ದಾರಿಯಿಲ್ಲ, ಜಂಬಿಟ್ಟಿಗೆಯ ಮೆಟ್ಟಿಲು ಮಾತ್ರ. ಎಣಿಸುತ್ತ ಹತ್ತಿದೆ. ನಲವತ್ತೊಂದು. ಆರು ವಿಡಿಯೊಗಳಲ್ಲಿ ಒಂದೊಂದು ಕಿಟಕಿಯನ್ನೂ ಎಣಿಸಿದವಳು, ಬಾಗಿಲಿನ ಹೊರಗೆ ಏನಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಲಿಲ್ಲವಲ್ಲ, ಅವನೂ ಹೇಳಿರಲಿಲ್ಲ. ಮೇಲೆ ಬಂದು ಬಾಗಿಲ ಮುಂದೆ ಕುಳಿತೆ. ಹಿಂದೆ ಸಮುದ್ರ ಕಾಣುತ್ತಿತ್ತು. ಮೊದಲ ಸಲ ಸಮುದ್ರ ನೋಡುತ್ತಿದ್ದೆ, ಆದರೆ ಅದನ್ನು ನೋಡುವ ಮನಸ್ಸಿರಲಿಲ್ಲ. ಅವ್ವ ಈ ಮೆಟ್ಟಿಲು ಹತ್ತುವುದು ಆಗದ ಮಾತು. ಬೇಡವೆಂದು ಹೇಳಿಬಿಡಬೇಕು ಅಂದುಕೊಂಡೆ.

ಮನೆಯ ಕೀಲಿ ಪಕ್ಕದ ಮನೆಯ ಹೆಂಗಸಿನ ಬಳಿ ಇತ್ತು. ಅರವತ್ತು ದಾಟಿದವರು. ಊರವರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನನಗೆ ಮರಾಠಿ ಅಷ್ಟಿಷ್ಟು ಬರುತ್ತದೆ. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಅವ್ವನ ಮೊಣಕಾಲಿನ ಸಂಗತಿ ಹೇಳಿ, ಈ ಮನೆ ನಮಗಾಗುವುದಿಲ್ಲ ಎಂದೆ. ಕಾಕು ಅಚ್ಚರಿಯಿಂದ ನನ್ನನ್ನೇ ನೋಡಿದರು. ನಿಮ್ಮ ತಾಯಿ ಬಂದು ನೋಡಿಕೊಂಡು ಹೋದರಲ್ಲ, ಮತ್ತೆ ಈಗೇನು, ಎಂದರು.

ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಒಂದು ಮಧ್ಯಾಹ್ನ, ಊಟವಾದ ಮೇಲೆ, ಒಬ್ಬ ಹೆಂಗಸು ಬಂದು ಕೀಲಿ ಕೇಳಿದಳು. ಯಾರೆಂದರೆ, "ಮೇರಿ ಬೇಟಿ ಲೇರೈ ಯೇ ಘರ್", ನನ್ನ ಮಗಳು ಈ ಮನೆ ಕೊಳ್ಳುತ್ತಿದ್ದಾಳೆ, ಎಂದಳು. ಆ ಮಾತನ್ನು ಕಾಕು ಅದೇ ರಾಗದಲ್ಲಿ ಆಡಿ ತೋರಿಸಿ, ಇದೆಂಥ ಹಿಂದಿ ನಿಮ್ಮದು ಎಂದು ನಕ್ಕರು. ನಾನು ನಗಲಿಲ್ಲ. ಅದು ನಮ್ಮ ಓಣಿಯ ಮಾತು. ಅವ್ವ ತನ್ನ ಗಿರಾಕಿಗಳೊಂದಿಗೆ ಆಡುವುದು ಅದೇ ದಖನಿ ಉರ್ದು. ಒಳಗೆ ಹೋದವಳು ಕೋಣೆ ನೋಡಲಿಲ್ಲ. ಬಚ್ಚಲಿಗೆ ಹೋಗಿ ನೀರು ಸುರಿದು ನಿಂತುಕೊಂಡಳು. ಆಮೇಲೆ ಕೀಲಿ ಮರಳಿ ಕೊಟ್ಟು ಹೋದಳು. ನಾನು ಫೋನಿನಲ್ಲಿದ್ದ ಅವ್ವನ ಚಿತ್ರ ತೋರಿಸಿದೆ. ಇವರೇ ಎಂದರು.

ಯಾವ ದಿನವೆಂದು ಕೇಳಿದೆ. ಅಂದು ಗ್ಯಾಸ್ ಸಿಲಿಂಡರ್ ಬಂದಿತ್ತು, ಅದನ್ನು ಹೊತ್ತು ತಂದವನಿಗೆ ಆ ಬಂದವಳೇ ನಮ್ಮ ಬಾಗಿಲು ತೆರೆದು ಹಿಡಿದಿದ್ದಳು ಎಂದು ಹೇಳಿ ಕಾಕು ಒಳಗಿನಿಂದ ರಸೀದಿ ತಂದರು. ನಾನು ಚೀಲದಿಂದ ದಿನಚರಿ ತೆಗೆದೆ. ಕಮಲಾಪುರದ ಜ್ವರದ ಪುಟ. ಎರಡರ ಮೇಲೂ ಒಂದೇ ತಾರೀಖು.

ಏಜೆಂಟನನ್ನು ಕೇಳಿದೆ. ತಾನು ಯಾರನ್ನೂ ಕರೆತಂದಿಲ್ಲ ಎಂದ. ನಾನು ಯೋಚಿಸಬಹುದಾದಷ್ಟು ಯೋಚಿಸಿದ್ದೇನೆ. ವಿಡಿಯೊ ಕರೆಯಲ್ಲಿ ಅವ್ವ ನನ್ನ ಹಿಂದಿನಿಂದ ಹಾದು ಹೋದಾಗ, ಕೀಲಿ ಕೊಡಲು ಬಂದ ಕಾಕು ಏಜೆಂಟನ ಮೊಬೈಲಿನಲ್ಲಿ ಆ ಮುಖ ಕಂಡಿರಬಹುದು. ಆ ವಯಸ್ಸಿನ, ಹಾಗೆ ಸೀರೆ ಉಟ್ಟ ಹೆಂಗಸರು ದೂರದಿಂದ ಒಂದೇ ರೀತಿ ಕಾಣಬಹುದು. ಆದರೆ ಬಚ್ಚಲಿನ ನೀರನ್ನು ಕಾಕು ಎಲ್ಲಿಂದ ತಂದರು? ಆ ಮಾತಿನ ರಾಗವನ್ನು? ಇಲ್ಲಿಗೆ ಬಂದು ನನ್ನ ಲೆಕ್ಕ ನಿಲ್ಲುತ್ತದೆ.

ನೋಂದಣಿ ಮುಂದೆ ಹಾಕಿ ಕಲಬುರಗಿಗೆ ಮರಳಿದೆ. ಒಂದೇ ಹೊತ್ತಿಗೆ ಎರಡು ಕಡೆ ಕಾಣಿಸಿಕೊಳ್ಳುವುದು ಒಳ್ಳೆಯದಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ಅದಕ್ಕೇ ಹೇಳಲೋ ಬೇಡವೋ ಎಂದು ಎರಡು ದಿನ ತಡೆದೆ. ಕೊನೆಗೆ ಮೆಟ್ಟಿಲಿನದನ್ನೂ ಬಂದವಳ ಸಂಗತಿಯನ್ನೂ ಹೇಳಿದೆ. ಅವ್ವ ಯಂತ್ರ ನಿಲ್ಲಿಸಲಿಲ್ಲ.

"ನಾ ಎಲ್ಲಿ ಹೋಗಿದ್ದೆವ್ವ? ನೀನೇ ಬಾಜೂಕ ಕುಂತು ಉಸಿರಾ ಎಣಿಸಾಕತ್ತಿದ್ದಿ."

ಸ್ವಲ್ಪ ಹೊತ್ತು ಹೊಲಿದು ಮತ್ತೆ ಕೇಳಿದಳು. "ಬಂದಾಕಿ ನೀರ ಹಾಕಿ ನೋಡ್ಯಾಳಲ್ಲ? ಬ್ಯಾಡ ಅಂದಿಲ್ಲಲ್ಲ?"

"ಅಂದಿಲ್ಲ."

"ಮತ್ತ ತಗೋ. ಮೆಟ್ಟಲಾ ದಿನಾ ಯಾರ ಇಳೀತಾರ? ಒಮ್ಮೆ ಏರಿದ್ರ ಮುಗೀತು."

ಜೂನ್‌ನಲ್ಲಿ ಬಂದೆವು. ಅವ್ವನನ್ನು ನಾನು ಮತ್ತು ಕಾಕು ಎರಡೂ ಕಡೆ ಹಿಡಿದು ಹತ್ತಿಸಿದೆವು. ಏಳು ಕಡೆ ಕುಳ್ಳಿರಿಸಿ, ನಲವತ್ತು ನಿಮಿಷ. ಕಾಕು ಅವಳ ಮುಖವನ್ನು ಮತ್ತೆ ಮತ್ತೆ ನೋಡುತ್ತಿದ್ದರು, ಆದರೆ ಏನೂ ಕೇಳಲಿಲ್ಲ. ಅವ್ವನೂ ಕೇಳಲಿಲ್ಲ. ಇಬ್ಬರೂ ಮುರುಕು ಹಿಂದಿಯಲ್ಲಿ ಸಂಸಾರದ ಮಾತೆಲ್ಲ ಆಡುತ್ತಿದ್ದರು, ಅದೊಂದನ್ನು ಬಿಟ್ಟು. ಅಂದಿನಿಂದ ಅವ್ವ ಕೆಳಗೆ ಇಳಿದದ್ದು ಹನ್ನೆರಡು ಸಲ, ಎಲ್ಲವೂ ಆಸ್ಪತ್ರೆಗೆ.

ಮೊನ್ನೆ ದೀಪಾವಳಿ ಆದ ಮೇಲೆ, ಜಗಲಿಯಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತ ಅವ್ವ ಇದ್ದಕ್ಕಿದ್ದಂತೆ, "ಆ ದಿನ ಬಂದಾಕಿ ಮೆಟ್ಟಲಾ ಹೆಂಗ ಏರಿದಳು, ಕಾಕುಗ ಕೇಳು" ಎಂದಳು. ನೀನೇ ಕೇಳು ಎಂದೆ.

"ನಾ ಕೇಳಿದ್ರ ಹುಚ್ಚಿ ಅಂತಾಳ. ನೀ ಹೆಂಗೂ ಎಲ್ಲಾ ಕೇಳಿ ಬರಕೊಳ್ಳಾಕಿ."

ಕಾಕುಗೆ ನಾಲ್ಕು ವರ್ಷದ ಹಿಂದಿನದು ಚೆನ್ನಾಗಿ ನೆನಪಿತ್ತು. ಬಂದವಳು ಎಲ್ಲಿಯೂ ಕುಳಿತುಕೊಳ್ಳಲಿಲ್ಲ. ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಎರಡೆರಡು ಮೆಟ್ಟಿಲು ದಾಟುತ್ತ ಬಂದಳು. ಯಾರೋ ಹುಡುಗಿ ಅಂದುಕೊಂಡಿದ್ದೆ, ಸಮೀಪ ಬಂದಾಗಲೇ ತಲೆ ನರೆತದ್ದು ಕಂಡದ್ದು, ಎಂದರು.

ಬಂದು ಅವ್ವನಿಗೆ ಹೇಳಿದೆ. ಅವಳು ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ಹಂಗಾರ ಆಕಿ ನಾ ಅಲ್ಲ ಬಿಡವ್ವ."

ಮಾತು ಮುಗಿಯಿತೆಂದು ನಾನು ಎದ್ದೆ. ಯಾರು ಬಂದಿದ್ದರೆಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವ ದಾರಿಯೂ ಇದ್ದಂತಿಲ್ಲ. ಅವ್ವ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು, ಮೊಣಕಾಲಿನ ಮೇಲೆ ಕೈಯೂರಿ ಏಳಲು ನೋಡಿ, ಆಗದೆ ಅಲ್ಲೇ ಕುಳಿತಳು.

"ಆದ್ರೂ ಛಲೋ ಆತು," ಎಂದಳು. "ಒಬ್ಬಾಕಿಯಾದ್ರೂ ದಣೀಲಾರ್ದ ಬಂದಾಳಲ್ಲ."