ವಾಟರ್ ವಿಸ್ಪರರ್ ಗಂಗುಲಪ್ಪ

ಚಿಂತಾಮಣಿಯ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಅದೇ ತಪ್ಪಿಗೋ ಏನೋ, ಜನ ಕೆಲಸದ ಹೆಸರುಗಳನ್ನು ಹೊತ್ತುಕೊಂಡು ನನ್ನ ಹತ್ತಿರ ಬರುತ್ತಾರೆ. ‘ಹ್ಯಾಪಿನೆಸ್ ಆಫೀಸರ್’ ಅನ್ನೋದು ನಿಜವಾದ ಇಂಗ್ಲಿಷಾ ಮೇಡಂ? ‘ಸೇಲ್ಸ್ ನಿಂಜಾ’ ಡಿಕ್ಷನರಿಯಲ್ಲಿದೆಯಾ? ನಗುನಗುತ್ತಾ ಉತ್ತರ ಹೇಳುತ್ತಿದ್ದೆ. ನಮ್ಮಪ್ಪನಿಗೇ ಅಂಥದ್ದೊಂದು ಹೆಸರು ಬಂದ ದಿನ ನಗು ನಿಂತುಹೋಯಿತು.

ಅಪ್ಪನ ಹೆಸರು ಗಂಗುಲಪ್ಪ. ಸ್ಕಂದಗಿರಿಯ ಬುಡದ ನಮ್ಮೂರಿನ ನೀರುಗಂಟಿ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವುದು ನಮ್ಮ ಕೇರಿಗೆ, ಅದರಲ್ಲೂ ನಮ್ಮ ಮನೆಗೆ ಬಂದ ಕೆಲಸ. ತೂಬಿಗೆ ಬೇರೆ ಯಾರೂ ಕೈ ಹಾಕುವಂತಿಲ್ಲ. ಕೊನೆಯ ಗದ್ದೆಗೆ ಮೊದಲ ನೀರು, ತೂಬಿನ ಪಕ್ಕದ ಗದ್ದೆಗೆ ಕೊನೆಯಲ್ಲಿ. ಎಷ್ಟೇ ದೊಡ್ಡ ಜಮೀನಿದ್ದರೂ ಅಪ್ಪ ಹೇಳಿದ ಸರದಿಗೇ ಕಾಯಬೇಕು. ಆ ಮಾತಿಗೆ ಅಪೀಲಿಲ್ಲ. ಆದರೆ ಆ ಮಾತನ್ನು ಹೇಳಲು ಹೋದಾಗ ದೊಡ್ಡ ಮನೆಗಳ ಅಂಗಳದಲ್ಲಿ ನಿಂತೇ ಹೇಳಬೇಕು. ತೀರಾ ಸುಸ್ತಾಗಿದ್ದರೆ ಚಪ್ಪಲಿ ಬಿಡುವ ಮೆಟ್ಟಿಲ ಪಕ್ಕ ಕೂರಬಹುದು. ಇಲ್ಲಿ ನಾನು ಅಪ್ಪನನ್ನು ‘ಅವರು’ ಎಂದೇ ಬರೆಯುತ್ತೇನೆ. ಊರಿನಲ್ಲಿ ಹಾಗೆ ಕರೆದವರು ಒಬ್ಬರೂ ಇಲ್ಲ.

ಹಾಗೆ ಮೊದಲು ಕರೆದವನು ಹೊರಗಿನವನು, ಕೆರೆಯ ದಡದಲ್ಲಿ ಹೊಸದಾಗಿ ಎದ್ದ ರೆಸಾರ್ಟಿನ ಮ್ಯಾನೇಜರ್ ಭಾನುಪ್ರಕಾಶ್. ಊರಿನ ದೊಡ್ಡ ಜಮೀನುದಾರ ಚನ್ನಕೇಶವ ಕೆರೆಯ ಪಕ್ಕದ ಹೊಲವನ್ನು ರೆಸಾರ್ಟಿನವರಿಗೆ ಗುತ್ತಿಗೆ ಕೊಟ್ಟಿದ್ದ. ಎಷ್ಟೋ ವರ್ಷಗಳ ಮೇಲೆ ಕೆರೆ ಕೋಡಿ ಬಿದ್ದಿತ್ತು. ನೀರಿನ ಮೇಲೆ ದೋಣಿ ಬಂತು, ದಡದಲ್ಲಿ ಗಾಜಿನ ಮನೆಗಳು ಬಂದವು. ಕೆರೆ ಸರ್ಕಾರದ್ದು, ನೋಟ ಮಾತ್ರ ಅವರದು. ಭಾನುಪ್ರಕಾಶ್ ನಮ್ಮ ಮನೆಗೇ ಬಂದು, “ಗಂಗುಲಪ್ಪ ಸರ್, ನೀವು ನಮ್ಮ ಚೀಫ್ ವಾಟರ್ ವಿಸ್ಪರರ್” ಎಂದ. ಕೋಟು, ಪೇಟ, ಎದೆಗೆ ಹಿತ್ತಾಳೆಯ ಬ್ಯಾಡ್ಜು. ಬಂದ ಅತಿಥಿಗಳಿಗೆ ಕೆರೆಯ ಕತೆ ಹೇಳಬೇಕು, ಅವರ ಜೊತೆ ಫೋಟೋಕ್ಕೆ ನಿಲ್ಲಬೇಕು, ಅಷ್ಟೇ.

ಭಾನುವಾರ ಊರಿಗೆ ಹೋದವಳು ಆ ಕೋಟು ನೋಡಿ ಉರಿದುಹೋದೆ.

“ಏನಪ್ಪಾ ಇದು ವೇಷ?”

“ನಿಜವಾದ ಇಂಗ್ಲಿಷೇನಮ್ಮಾ ಅದು?” ಎಂದು ಕೇಳಿದರು ಅಪ್ಪ.

“ಇಂಗ್ಲಿಷೇ. ನೀರಿನ ಕಿವೀಲಿ ಪಿಸುಗುಡೋನು ಅಂತ. ಅಂಥಾ ಕೆಲಸ ಪ್ರಪಂಚದಲ್ಲಿಲ್ಲ. ನಿನಗೆ ಸರಿಯಾದ ಹೆಸರು ಇಲ್ವಾ? ನೀರುಗಂಟಿ ಅಂದ್ರೆ ಅವರ ಬಾಯಿ ಸವೆದೋಗ್ತದಾ?”

ಅಪ್ಪ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, “ಇರ್ಲಿ ಬಿಡಮ್ಮ. ಕುರ್ಚಿ ಕೊಟ್ಟವ್ರೆ” ಎಂದರು.

ಅಮ್ಮ ಆಂಜಿನಮ್ಮ ಒಲೆಯ ಮುಂದಿನಿಂದ ನನ್ನನ್ನು ನೋಡಿ ಸುಮ್ಮನಿರು ಎಂಬಂತೆ ತಲೆಯಾಡಿಸಿದಳು. ನೀರುಗಂಟಿ ಎಂಬ ನಿಜವಾದ ಹೆಸರು ಇಷ್ಟು ವರ್ಷದಲ್ಲಿ ಕೊಡದ ಕುರ್ಚಿಯನ್ನು ಈ ಸುಳ್ಳು ಹೆಸರು ಒಂದೇ ವಾರದಲ್ಲಿ ಕೊಟ್ಟಿತ್ತು. ನಾನು ಅಪ್ಪನಿಗೆ ಏನೆಂದು ಬುದ್ಧಿ ಹೇಳಲಿ?

ಹೇಳೋದು ಶಾಸ್ತ್ರ, ಹಾಕೋದು ಗಾಳ. ಆ ಗಾಳ ಕಂಡಿದ್ದು ಭತ್ತ ಹೊಡೆಗೆ ಬಂದು, ಇನ್ನೇನು ತೆನೆ ಬಿಡಬೇಕು ಎಂಬಾಗ. ಮಳೆ ಕೈಕೊಟ್ಟಿತ್ತು, ಗದ್ದೆಗಳು ಬಿರುಕು ಬಿಡತೊಡಗಿದ್ದವು. ಕೊನೆಯ ಗದ್ದೆಯ ರಾಮಲಕ್ಷ್ಮಮ್ಮ ಮನೆ ಬಾಗಿಲಿಗೆ ಬಂದಳು.

“ಗಂಗುಲಣ್ಣಾ, ಪೈರು ಹೊಡೆ ತುಂಬೈತೆ. ಈ ವಾರ ನೀರು ಬಿಡದಿದ್ರೆ ಜೊಳ್ಳೇ ಗತಿ.”

ಅಪ್ಪ ರೆಸಾರ್ಟಿಗೆ ಹೋಗಿ ನಾಳೆ ತೂಬು ತೆಗೆಯುತ್ತೇನೆ ಎಂದರು. ಭಾನುಪ್ರಕಾಶ್ ನಯವಾಗಿಯೇ ಹೇಳಿದ: “ಅದಾಗಲ್ಲ ಸರ್. ನೀರು ಇಳಿದ್ರೆ ದೋಣಿ ಓಡಲ್ಲ, ದಡವೆಲ್ಲ ಕೆಸರು ಕಾಣ್ತದೆ. ನೀವೀಗ ನಮ್ಮ ಸ್ಟಾಫು. ಪರ್ಮಿಷನ್ ಇಲ್ದೆ ತೂಬು ಮುಟ್ಟೋ ಹಾಗಿಲ್ಲ.”

ಈಗ ಅರ್ಥವಾಯಿತೇ? ಅವರು ಕೆರೆಯನ್ನು ಕೊಂಡಿರಲಿಲ್ಲ, ಕೊಳ್ಳುವ ಹಾಗೂ ಇರಲಿಲ್ಲ. ಕೆರೆಯ ಬಾಗಿಲು ತೆಗೆಯುವ ಕೈಯನ್ನು ಕೊಂಡಿದ್ದರು, ಅದೂ ಒಂದು ಕೋಟು ತೊಡಿಸಿ. ಕಾಲೇಜಿನಲ್ಲಿದ್ದಾಗ ಅಮ್ಮ ಫೋನ್ ಮಾಡಿ ಇದನ್ನು ಹೇಳಿದಳು. ರಜೆ ಹಾಕಿ ಬಸ್ಸು ಹತ್ತಿದೆ.

ನಾನು ಊರು ಮುಟ್ಟುವಷ್ಟರಲ್ಲಿ ಚನ್ನಕೇಶವನೂ ಅಪ್ಪನಿಗೆ ಹೇಳಿ ಕಳಿಸಿದ್ದ. ಅವನ ಭತ್ತವೂ ಒಣಗುತ್ತಿತ್ತಲ್ಲ. ‘ನೀನು ತೂಬು ತೆಗೆದುಬಿಡು. ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು’ ಎಂದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಗುತ್ತಿಗೆಯ ದುಡ್ಡು ಅವನಿಗೆ, ನೀರು ಅವನಿಗೆ, ಕೆಲಸ ಹೋಗುವುದು ಅಪ್ಪನದು.

ಮರುದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ತೆಂಗಿನಕಾಯಿ ಹಿಡಿದು ಏರಿಗೆ ಹೊರಟರು. ಕೋಟು ಹಾಕಿಕೊಂಡೇ ಹೊರಟರು. ರೆಸಾರ್ಟಿನ ಮುಂದೆ ತಮ್ಮ ಕುರ್ಚಿಯ ಹತ್ತಿರ ನಿಂತು ಕೋಟು, ಪೇಟ, ಬ್ಯಾಡ್ಜು ಎಲ್ಲ ಬಿಚ್ಚಿ ಅದರ ಮೇಲಿಟ್ಟರು. ಭಾನುಪ್ರಕಾಶ್ “ಸರ್, ಸರ್” ಎಂದು ಹಿಂದೆ ಓಡಿಬಂದ. ಅಪ್ಪ ತಿರುಗಿ ನೋಡಲಿಲ್ಲ. ಕಾಯಿ ಒಡೆದು, ಬರಿಮೈಯಲ್ಲಿ ನೀರಿಗಿಳಿದು, ಉಸಿರು ಬಿಗಿಹಿಡಿದು ಮುಳುಗಿದರು. ಏರಿಯ ಮೇಲೆ ರಾಮಲಕ್ಷ್ಮಮ್ಮ ಸೆರಗು ಕಚ್ಚಿಕೊಂಡು ನಿಂತಿದ್ದಳು. ತೂಬಿನ ಬಿರಡೆ ಎತ್ತಿ ಅಪ್ಪ ಮೇಲೆ ಬಂದಾಗ ಏರಿಯ ಆಚೆ ಕಾಲುವೆಯಲ್ಲಿ ನೀರು ಸದ್ದು ಮಾಡುತ್ತಿತ್ತು.

“ನಾಳೆಯಿಂದ ನೀವು ಬರೋದು ಬೇಡ” ಎಂದ ಭಾನುಪ್ರಕಾಶ್. ಈ ಸಲ ಸರ್ ಎನ್ನಲಿಲ್ಲ.

ಅದರ ಮಾರನೆಯ ದಿನ ಚನ್ನಕೇಶವ ಹೇಳಿ ಕಳಿಸಿದ. ನಾನೂ ಅಪ್ಪನ ಜೊತೆ ಹೋದೆ. ಅವನು ಜಗಲಿಯ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಿದ್ದ.

“ಬಾರೋ ಗಂಗುಲಪ್ಪ. ಒಳ್ಳೆ ಕೆಲಸ ಮಾಡ್ದೆ ಕಣೋ. ಕೂತ್ಕೊ” ಎಂದು ಮೆಟ್ಟಿಲ ಪಕ್ಕ ಕೈ ತೋರಿಸಿದ. “ನಮ್ಮ ಗದ್ದೆಗೆ ನೀರು ಯಾವತ್ತು?”

ಅಪ್ಪ ಕೂರಲಿಲ್ಲ.

“ನೀರು ನಿಲ್ಸಲ್ಲ ಸ್ವಾಮಿ. ಅದು ನಂದಲ್ಲ, ನಿಮ್ದೂ ಅಲ್ಲ. ಸರದಿ ಬಂದಾಗ ಬರ್ತೈತೆ. ಯಾವತ್ತು ಅಂತ ನನ್ನ ಬಾಯಿಂದ ಕೇಳ್ಬೇಕು ಅಂದ್ರೆ ಒಂದು ಕುರ್ಚಿ ಹಾಕ್ಸಿ. ಕೂತ್ಕೊಂಡು ಹೇಳ್ತೀನಿ.”

ಚನ್ನಕೇಶವ ನನ್ನ ಮುಖ ನೋಡಿದ, ನಾನೇ ಹೇಳಿಕೊಟ್ಟಿದ್ದೇನೆ ಎಂಬಂತೆ. ನಾನು ಹೇಳಿಕೊಟ್ಟಿರಲಿಲ್ಲ. ಬಾಗಿಲ ಒಳಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದು ನಮಗೆ ಕಾಣುತ್ತಿತ್ತು. ಅವನು ಏಳಲಿಲ್ಲ, ಯಾರನ್ನೂ ಕೂಗಲೂ ಇಲ್ಲ. ಕಾಫಿ ಲೋಟವನ್ನೇ ನೋಡುತ್ತಾ ಕೂತ.

“ಬಾಮ್ಮ, ರಾಮಲಕ್ಷ್ಮಮ್ಮನ ಗದ್ದೆ ನೋಡ್ಕೊಂಡು ಬರಣ” ಎಂದು ಅಪ್ಪ ಹೊರಟರು.

ತನ್ನ ಸರದಿ ಯಾವತ್ತೆಂದು ತಿಳಿಯದೆ ಈಗ ಚನ್ನಕೇಶವ ದಿನಾ ಬೆಳಿಗ್ಗೆ ತನ್ನ ಗದ್ದೆಯ ಬದುವಿನ ಮೇಲೆ ಬಂದು ನೀರಿನ ದಾರಿ ಕಾಯುತ್ತಾನೆ. ನಿಂತೇ ಕಾಯುತ್ತಾನೆ. ನಿಂತು ನಿಂತು ಅವನ ಕಾಲು ನೋಯಲಿ.