ಬೀಬಿ ಒಲ್ಲೆ ಅಂದರು, ನಾನು ಒಪ್ಪಿದರು ಅಂದೆ

ಬೇಟಿ, ನಿನ್ನ ಅಜ್ಜಿಯ ಹೋಟೆಲ್ ಕೆಡವಿದ್ದು ಮೈಸೂರಿನವರು ಎಂದು ನಿಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರಂತೆ. ಸುಳ್ಳು. ಕೆಡವಿಸಿದವಳು ನಾನು — ಅಲ್ಲಿ ಕಸ ಗುಡಿಸುತ್ತಿದ್ದ ಕಾಶಮ್ಮ.

ಮೊನ್ನೆ ನೀನು ಬಂದು ಆ ಹೋಟೆಲಿನ ಕಥೆ ಕೇಳಿದಾಗ ಕಮಾನು, ಸೂರಿಗೆ ತೂಗುತ್ತಿದ್ದ ಗಾಜಿನ ದೀಪದ ಝೂಮರು, ಟಾಂಗಾದಿಂದ ಇಳಿಯುತ್ತಿದ್ದ ನವಾಬರು — ಎಲ್ಲ ಹೇಳಿದೆ. ಇದೊಂದನ್ನು ನುಂಗಿಕೊಂಡೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಗಂಜ್ ಮಾರುಕಟ್ಟೆಯ ಲಾರಿಗಳಿಗೆ ರಸ್ತೆ ಅಗಲ ಮಾಡಬೇಕೆಂದು ಅಧಿಕಾರಿ ಬಂದ. ಅವನಿಗೆ ಉರ್ದು ಬಾರದು. ಬೀಬಿಗೆ — ನಿನ್ನ ಅಜ್ಜಿಗೆ — ಕನ್ನಡ ಬಾರದು. ಪರಗಂಡಸರ ಮುಂದೆ ಬರುವವರೂ ಅಲ್ಲ. ಪರದೆಯ ಒಳಗಿಂದ ಅವರು ಹೇಳಬೇಕು, ಹೊರಗೆ ನಿಂತು ನಾನು ತಿಳಿಸಬೇಕು. “ಕಾಶಮ್ಮ ಮೇರೀ ಜಬಾನ್ ಹೈ” — ಕಾಶಮ್ಮ ನನ್ನ ನಾಲಿಗೆ — ಎಂದು ನಗುತ್ತಿದ್ದರು.

ರಸ್ತೆ ಹೋಟೆಲಿನ ಮೇಲೆ ಹೋಗಬೇಕು, ಇಲ್ಲವೇ ಹಿಂದಿನ ಜಾಗದ ಮೇಲೆ. ಯಾವುದನ್ನು ಬಿಡುತ್ತೀರಿ ಎಂದು ಅವನು ಕೇಳಿದ.

“ಹೋಟಲ್ ಕಾ ಏಕ್ ಪತ್ಥರ್ ನೈ ದೇತೂಂ. ಪೀಛೇ ಕೀ ಜಮೀನ್ ಲೇಲೋ ಬೋಲ್.”

ಹೋಟೆಲ್ ಬಿಡುವುದಿಲ್ಲ, ಹಿಂದಿನ ಜಮೀನು ತಗೊಳ್ಳಲಿ ಎಂದರು. ಹಿಂದಿನ ಜಮೀನೆಂದರೆ ಹಳೆಯ ಕುದುರೆ ಲಾಯ. ನಮ್ಮ ಗುಡಿಸಲುಗಳು ಇದ್ದದ್ದೇ ಅಲ್ಲಿ. ಬೀಬಿಗೆ ಅದು ನೆನಪಿಗೂ ಬರಲಿಲ್ಲ.

“ಏನಂತಾರಮ್ಮ?”

“ಒಪ್ಪ್ಯಾರ್ರಿ ಸಾಹೇಬ್ರ. ಹೋಟೆಲ್ ತಗೋರಿ, ಹಿಂದಿಂದ ಮುಟ್ಟಬ್ಯಾಡ್ರಿ ಅಂತಾರ.”

“ಇಷ್ಟು ಬೇಗ ಒಪ್ಪಿಬಿಟ್ರಾ?”

“ದೊಡ್ಡ ಮಂದೀರಿ. ಅಂದ್ರ ಅಂದಾಂಗ.”

ಅವನು ನಕ್ಕ. ಕನ್ನಡದಲ್ಲಿ ಬರೆದ ಕಾಗದವನ್ನು ಕೈಗಿಟ್ಟ. ಪರದೆಯ ಕೆಳಗೆ ದಾಟಿಸಿದೆ. “ಕ್ಯಾ ಲಿಖೇ ಕಾಶಮ್ಮ?” — ಏನು ಬರೆದಿದ್ದಾರೆ?

ಮೊದಲ ಸುಳ್ಳು ಹೆದರಿಕೆಗೆ ಬಾಯಿಂದ ಬಿದ್ದದ್ದು. ಆದರೆ ಈಗ — ಈಗ ಹಿಂತೆಗೆದುಕೊಳ್ಳಬಹುದಿತ್ತು.

“ತುಮ್ಹಾರೀಚ್ ಬಾತ್, ಬೀಬಿ.” ನಿಮ್ಮದೇ ಮಾತು ಎಂದೆ.

ಕಾಗದ ಉರ್ದು ರುಜು ಹೊತ್ತು ಹೊರಗೆ ಬಂತು.

ಕೆಡವುವ ದಿನ ಬೀಬಿ ಹೈದರಾಬಾದಿಗೆ ಹೊರಟು, ಬುರ್ಖಾದಲ್ಲಿ ಟಾಂಗಾ ಹತ್ತಿದರು. ಕಾಶಮ್ಮ, ನೀನು ಸರಿಯಾಗಿ ಹೇಳಿದ್ದೆ ಅಲ್ಲವೇ ಎಂದು ಕೇಳಿದರು. ಹೇಳಿದ್ದೆ, ಆ ಅಧಿಕಾರಿಯೇ ಕೇಳಲಿಲ್ಲ ಎಂದೆ. ನನ್ನ ಕೈ ಹಿಡಿದು, ಅಳಬೇಡ ಎಂದರು. ನಾನು ಅಳುತ್ತಿರಲಿಲ್ಲ. ಟಾಂಗಾ ಯಾವಾಗ ಹೊರಡುತ್ತದೆ ಎಂದು ನೋಡುತ್ತಿದ್ದೆ. ಆಮೇಲೆ ಅವರು ಹೈದರಾಬಾದಿನಲ್ಲೇ ಸತ್ತರು. ಮತ್ತೆ ಮುಖ ನೋಡಲಿಲ್ಲ.

ಆ ಲಾಯದ ಜಾಗದಲ್ಲಿ ನನ್ನ ಮನೆ ಈಗಲೂ ಇದೆ. ನೀನು ಚಹಾ ಕುಡಿದದ್ದು ಅಲ್ಲೇ. ಬೈಯಬೇಕೆನಿಸಿದರೆ ಬಂದು ಬೈ, ಬಾಗಿಲಲ್ಲೇ ಕೂತಿರುತ್ತೇನೆ. ನಿನ್ನ ಅಜ್ಜಿ ಅಂದು ಹೇಳಿದ್ದು ಇಷ್ಟು — ಹೋಟೆಲಿನ ಒಂದು ಕಲ್ಲನ್ನೂ ಕೊಡುವುದಿಲ್ಲ.

ಈಗ ತಿಳಿಸಿದ್ದೇನೆ.