ಬಿದ್ದ ಮರ ಮತ್ತು ಪಟ್ಟದ ಹೋರಿ

ಹೋದ ಸೋಮವಾರ ಒಂದು ಹೋರಿ ನನ್ನ ತಂಗಿಯ ಸಂಶೋಧನೆಯನ್ನು ತಿಂದುಬಿಟ್ಟಿತು.

ನಗಬೇಡಿ, ನಿಜವಾಗಿಯೂ ತಿಂದಿತು. ಎಲೆ, ಚಿಗುರು, ಎಳೆ ಕಾಂಡ, ಗುರುತಿಗೆಂದು ಕಟ್ಟಿದ್ದ ಕೆಂಪು ನೂಲು, ಎಲ್ಲ ಸೇರಿಸಿ. ಅದೇ ಗಿಡಗಳನ್ನು ನೋಡಲು ಗುರುವಾರ ಮದ್ರಾಸಿನಿಂದ ಅವಳ ಪ್ರೊಫೆಸರ್ ಬರುವವರಿದ್ದರು.

ತಂಗಿ ರಾಜಮ್ಮನನ್ನು ನೀವು ಬಲ್ಲಿರಿ. ಗಂಡು ನೋಡುತ್ತೇವೆ ಎಂದರೆ ಮೈಕ್ರೋಸ್ಕೋಪ್ ಕೊಡಿಸಿ ಎಂದವಳು ಎಂದು ಇದೇ ಅಂಕಣದಲ್ಲಿ ದೂರಿದ್ದೆ. (ಅದನ್ನು ಓದಿ ಅವಳು ನನ್ನ ಜತೆ ಮಾತು ಬಿಟ್ಟಿದ್ದಳು.) ಕಾಡು ಅವಳ ವಿಷಯ. ಅದೂ ನಿಂತ ಕಾಡಲ್ಲ, ಬಿದ್ದ ಕಾಡು. ಗಾಳಿಗೆ, ಬೆಂಕಿಗೆ, ಗುಡ್ಡ ಜಾರಿ ಬಿದ್ದ ಕಾಡು ಮತ್ತೆ ಏಳುತ್ತದೆಯೇ? ಎದ್ದರೆ ಹೇಗೆ? ಇದನ್ನು ತಿಳಿಯಲು ಅವಳು ಬೆಟ್ಟ ಹತ್ತುತ್ತಾಳೆ, ನಾನು ದಿಂಡಿಗಲ್ಲಿನ ಬೀಗದ ಅಂಗಡಿಯಲ್ಲಿ ಕೂತು ಅವಳ ಬಸ್ಸಿನ ದಾರಿ ಕಾಯುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದೇ ಮಧ್ಯಾಹ್ನದ ಗಾಳಿಗೆ ನಮ್ಮೂರಿನ ಹತ್ತಿರದ ಗೂಡಲೂರಿನ ಮೇಲಿನ ಒಂದು ಇಳಿಜಾರಿನ ಮರಗಳೆಲ್ಲ ಮಲಗಿಬಿಟ್ಟವು. ಕುಮುಳಿ ಬಸ್ಸಿನಲ್ಲಿ ಹೋಗುವವರು ಅದನ್ನು ನೋಡಿ ಅಯ್ಯೋ ಅನ್ನುತ್ತಿದ್ದರು. ಬಿದ್ದ ಮರ ಎಳೆದು ಹಾಕಿ, ನೆಲ ಚೊಕ್ಕಟ ಮಾಡಿ, ಸಾಲಾಗಿ ನೀಲಗಿರಿ ನೆಡುವುದೆಂದು ಅರಣ್ಯ ಇಲಾಖೆಯ ಮೇಲಿನವರ ಯೋಚನೆ. ಪ್ರೊಫೆಸರೂ ಹೌದೆಂದರು. "ಬಿದ್ದ ಕಾಡು ಸತ್ತ ಕಾಡು. ಹೆಣವನ್ನು ಯಾರಾದರೂ ಮನೆಯಲ್ಲಿಟ್ಟುಕೊಳ್ಳುತ್ತಾರೆಯೇ?" ಎಂದರಂತೆ.

ರಾಜಮ್ಮ ಒಬ್ಬಳೇ ಬೇಡ ಎಂದಳು. ಬಿದ್ದ ಮರವೇ ಸಸಿಗೆ ನೆರಳು, ಅದೇ ತೇವ, ಅದೇ ಗೊಬ್ಬರ. ಎತ್ತಿದರೆ ಕಾಡಿನ ತೊಟ್ಟಿಲನ್ನೇ ಎತ್ತಿದ ಹಾಗೆ ಎಂದಳು. ಬೆಟ್ಟದ ಮೇಲಿನ ಜೌಗಿನಲ್ಲಿ ಅವಳು ಆಳದ ಕೆಸರು ತೆಗೆದು, ಅದರಲ್ಲಿ ಹುದುಗಿದ ಹಳೆಯ ಹೂಪರಾಗ ನೋಡಿದ್ದಾಳೆ. ಮಳೆ ಹೆಚ್ಚಿದ ಕಾಲದಲ್ಲಿ ಕಾಡು ಮುಂದೆ ಬಂದಿದೆ, ಒಣಗಿದ ಕಾಲದಲ್ಲಿ ಹುಲ್ಲು ಮುಂದೆ ಬಂದಿದೆ. ಹವೆ ಹಿಂದೆಯೂ ಬದಲಾಗಿದೆ, ಮುಂದೆಯೂ ಬದಲಾಗುತ್ತದೆ, ಇನ್ನೂ ಜೋರಿನ ಗಾಳಿ ಬರಬಹುದು ಎನ್ನುತ್ತಾಳೆ. ಒಂದೇ ಜಾತಿ, ಒಂದೇ ವಯಸ್ಸಿನ ಮರ ನೆಟ್ಟರೆ ಅವತ್ತು ಎಲ್ಲವೂ ಒಟ್ಟಿಗೇ ಮಲಗುತ್ತವೆ. ಬೇರೆ ಬೇರೆ ವಯಸ್ಸಿನ ಕಾಡಾದರೆ ಅಲ್ಲಷ್ಟು ಇಲ್ಲಷ್ಟು ಬಿದ್ದು ಮತ್ತೆ ಏಳುತ್ತದೆ.

ನಮ್ಮ ಅಮ್ಮನೇ ಒಪ್ಪಲಿಲ್ಲ. ಕಾಮಯಗೌಂಡನ್‌ಪಟ್ಟಿಯ ನಮ್ಮ ಅಂಗಳದಲ್ಲಿ ಒಂದು ಎಲೆ ಬಿದ್ದರೆ ಅದು ನೆಲ ಮುಟ್ಟುವ ಮೊದಲೇ ಗುಡಿಸುವವಳು ಆಕೆ. "ಬಿದ್ದುದ್ದ ಎತ್ತಾದೆ ಬುಡಾದು ಸೋಂಬೇರಿ ವೇಲೆ. ಅದ್ಕೆ ಓದು ಬೇರೆ ಬೇಕಾ?" ಎಂದಳು. ಸೋಮಾರಿಯ ಕೆಲಸಕ್ಕೆ ಓದು ಯಾಕೆ ಎಂದು ಆಕೆಯ ವಾದ.

ಅಂತೂ ರಾಜಮ್ಮನಿಗೆ ಆ ಇಳಿಜಾರಿನಲ್ಲಿ ಒಂದು ತುಂಡು ನೆಲ ಸಿಕ್ಕಿತು. ಸುತ್ತ ಬೇಲಿ. ಒಳಗೆ ಅರ್ಧ ಭಾಗದಲ್ಲಿ ಬಿದ್ದ ಮರ ತೆಗೆಸಿದಳು, ಇನ್ನರ್ಧ ಹಾಗೆಯೇ ಬಿಟ್ಟಳು. ಎರಡೂ ಕಡೆ ಸಸಿ ಬಂದವು. ಪ್ರೊಫೆಸರ್ ಮಾತ್ರ ಜಗ್ಗಲಿಲ್ಲ. "ಬೇಲಿಯೊಳಗೆ ಏನು ಬೇಕಾದರೂ ಬೆಳೆಯುತ್ತದೆ. ಇಡೀ ಬೆಟ್ಟಕ್ಕೆ ಬೇಲಿ ಹಾಕುತ್ತೀಯಾ? ದನ ಒಳಗೆ ಬಂದರೆ ಏನು ಗತಿ?" ಎಂದು ಕೇಳಿದರು. ಗುರುವಾರ ಅವರು ಕೊನೆಯ ಮಾತು ಹೇಳಲಿದ್ದರು. ಕಂಟ್ರಾಕ್ಟರನ ಆಳುಗಳು ಕೊಡಲಿ ಮಸೆದುಕೊಂಡು ಬೆಟ್ಟದ ಬುಡದಲ್ಲಿ ಬಿಡಾರ ಹೂಡಿದ್ದರು.

ಆಗ ಬಂದದ್ದು ಹೋರಿ.

ನಮ್ಮವರು ಕನ್ನಡನಾಡು ಬಿಟ್ಟು ಎಷ್ಟು ತಲೆಮಾರಾಯಿತೋ ದೇವರೇ ಬಲ್ಲ. (ನನ್ನ ಕನ್ನಡ ಕೇಳಿ ಮೈಸೂರಿನ ಗೆಳೆಯರು ಈಗಲೂ ಮುಸಿಮುಸಿ ನಗುತ್ತಾರೆ.) ಬರುವಾಗ ದನ ಹೊಡೆದುಕೊಂಡು ಬಂದರಂತೆ. ಅದರ ನೆನಪಿಗೆ ಇವತ್ತಿಗೂ ಶಾಮಿ ಮಾಡು ಎಂದು ಕರೆಯುವ ದೇವರ ದನದ ಹಿಂಡೊಂದನ್ನು ಸಾಕುತ್ತಾರೆ. ಅದರ ಹಾಲು ಮಾರುವಂತಿಲ್ಲ, ಅದನ್ನು ನೊಗಕ್ಕೆ ಕಟ್ಟುವಂತಿಲ್ಲ. ಹಿಂಡಿನ ಮುಂದೆ ಕಬ್ಬು ಇಡುತ್ತಾರೆ, ಮೊದಲು ಬಾಯಿ ಹಾಕಿದ ಹೋರಿಗೆ ಪಟ್ಟ. ಪಟ್ಟದ ಹೋರಿಗೆ ಕೋಲೆತ್ತುವಂತಿಲ್ಲ, ದಾರಿ ಅಡ್ಡಗಟ್ಟುವಂತಿಲ್ಲ. ಅದು ಎಲ್ಲಿ ಹೋದರೂ ದೇವರೇ ಹೋದ ಹಾಗೆ.

ದೇವರು ಸೋಮವಾರ ತಂಗಿಯ ಬೇಲಿಗೆ ಹೋದರು. ಬೇಲಿಯ ಬಾಗಿಲಿಗೆ ಅಪ್ಪಟ ದಿಂಡಿಗಲ್ ಬೀಗವನ್ನು ನಾನೇ ಕೊಟ್ಟಿದ್ದೆ. ಹೋರಿ ಬೀಗದ ತಂಟೆಗೇ ಹೋಗಲಿಲ್ಲ. ಪಕ್ಕದಲ್ಲಿ ಬೇಲಿ ಮುರಿದು ಒಳಗೆ ನಡೆಯಿತು, ಹಿಂದೆಯೇ ಇಡೀ ಹಿಂಡು. ಹಿಂಡಿನ ಯಜಮಾನ ಬೊಮ್ಮಯ್ಯ ಗೌಂಡರ್ ಮತ್ತು ಜತೆಗಿದ್ದವರು ಏನು ಮಾಡಿದರು? ಕೈಮುಗಿದು ನಿಂತರು. ಮೇಯುವುದು ಮುಗಿಯುವವರೆಗೂ ನಿಂತರು.

ಸುದ್ದಿ ಕೇಳಿ ಬುಧವಾರ ನಾನೂ ರಾಜಮ್ಮನೂ ಗೂಡಲೂರಿನಲ್ಲಿ ಇಳಿದಾಗ ಗೌಂಡರ್ ಬಸ್ ಸ್ಟ್ಯಾಂಡಿಗೇ ಬಂದಿದ್ದರು.

"ಶಾಮಿ ಮಾಡನ ಎಂಗೆ ಓಡ್ಸಾದು ತಾಯಿ? ತಪ್ಪಾಗೋತು" ಎಂದರು. "ಆದ್ರೆ ನೀ ಕವಲೆ ಪಡ್ಬ್ಯಾಡ. ನಾಂಗ ಎಲ್ಲಾನೂ ತಿರ್ಗಿ ನಟ್ಟುಬುಟ್ಟೊ."

ಏನನ್ನು ನೆಟ್ಟರು? ಮೇಲೆ ಹೋಗಿ ನೋಡಿದೆವು. ಮರ ತೆಗೆಸಿದ ಅರ್ಧದಲ್ಲಿ ಒಂದು ಸಸಿಯೂ ಉಳಿದಿರಲಿಲ್ಲ. ಅದರ ಜಾಗದಲ್ಲಿ ದ್ರಾಕ್ಷಿ ಕಡ್ಡಿಗಳು. ನಮ್ಮೂರು ದ್ರಾಕ್ಷಿ ತೋಟದ ಊರಲ್ಲವೇ? ಗಿಡ ಹೋಯಿತೇ, ಕಡ್ಡಿ ನೆಡು. ಹಗ್ಗ ಹಿಡಿದು ನೇರ ಸಾಲು ಮಾಡಿ, ಕೊಡದಲ್ಲಿ ನೀರು ಹೊತ್ತು ಹುಯ್ದಿದ್ದರು. ಒಂದೊಂದು ಕಡ್ಡಿಗೂ ಮರೆಯದೆ ಕೆಂಪು ನೂಲು ಕಟ್ಟಿದ್ದರು.

ರಾಜಮ್ಮ ಅಲ್ಲೇ ಕುಸಿದು ಕೂತಳು. ಮುಖ ಸೀರೆಯ ಸೆರಗಿನಲ್ಲಿತ್ತು, ಭುಜ ಕುಲುಕುತ್ತಿತ್ತು. ಸಮಾಧಾನ ಮಾಡಲು ಹತ್ತಿರ ಹೋದರೆ, ನಗುತ್ತಿದ್ದಳು.

ನಗು ನಿಂತಿತು. ಎದ್ದು, ಮರ ಬಿಟ್ಟ ಇನ್ನರ್ಧದ ಕಡೆ ನಡೆದಳು. ಅಂಚಿನುದ್ದಕ್ಕೂ ಗೊರಸಿನ ಗುರುತು. ಹೋರಿ ಸುತ್ತು ಹಾಕಿದೆ, ಕತ್ತು ಚಾಚಿದೆ, ಅಡ್ಡಾದಿಡ್ಡಿ ಬಿದ್ದ ದಿಮ್ಮಿಗಳ ನಡುವೆ ಕಾಲಿಡಲಾಗದೆ ವಾಪಸಾಗಿದೆ. ಒಳಗೆ ಸಸಿಗಳು ಸೊಂಪಾಗಿ ನಿಂತಿದ್ದವು, ಕೆಂಪು ನೂಲಿನ ಸಮೇತ.

ಪ್ರೊಫೆಸರ್ ಬರುವ ಮೊದಲು ಬೇಲಿ ಸರಿಮಾಡಿ ಕಡ್ಡಿ ಕಿತ್ತುಹಾಕೋಣ ಎಂದೆ ನಾನು. ಅಣ್ಣನ ಬುದ್ಧಿ ನೋಡಿ.

"ಒಂದು ಕಡ್ಡಿ ಮುಟ್ಟಬೇಡ. ಬೇಲಿಯನ್ನಂತೂ ಮುಟ್ಟಲೇಬೇಡ" ಎಂದಳು.

ಗುರುವಾರ ಪ್ರೊಫೆಸರ್ ಹ್ಯಾಟು, ಕೋಟು ಹಾಕಿಕೊಂಡು ಬಂದರು. ಜತೆಗೆ ಅರಣ್ಯ ಇಲಾಖೆಯ ಅಧಿಕಾರಿ. ದ್ರಾಕ್ಷಿಯ ಸಾಲು ಕಂಡು ನಿಂತುಬಿಟ್ಟರು. ಗೌಂಡರ್ ಮುಂದೆ ಬಂದು ತಮಿಳಿನಲ್ಲಿ ಇದ್ದದ್ದನ್ನು ಇದ್ದಂತೆ ಒಪ್ಪಿಸಿದರು. ಪ್ರೊಫೆಸರ್ ನಕ್ಕರು. ಅವರ ನಗು ಮುಗಿಯಲಿ ಎಂದು ಕಾದು ರಾಜಮ್ಮ ಬಾಯಿ ತೆರೆದಳು.

"ಸರ್, ದನ ಒಳಗೆ ಬಂದರೆ ಏನು ಗತಿ ಎಂದು ಕೇಳಿದ್ದಿರಿ. ಬಂದಿತ್ತು. ಈಚೆ ನೋಡಿ. ಈಗ ಆಚೆ ನೋಡಿ."

ಅವರು ನೋಡಿದರು. ದಿಮ್ಮಿ ಹತ್ತಿದರು, ಹ್ಯಾಟು ಬಿತ್ತು, ಕೋಟು ಹರಿಯಿತು. ಒಳಗೆ ಬಗ್ಗಿ ಸಸಿ ಸಸಿಯನ್ನೂ ಮುಟ್ಟಿ ನೋಡಿದರು. ಹೊರಗೆ ಬಂದು ಧೂಳು ಕೊಡವಿಕೊಂಡರು.

"ಮರ ಎತ್ತಿದ ಕಡೆ ನಾನು ಹೇಳಿದ್ದು ನಿಜ. ಎತ್ತದ ಕಡೆ ನೀನು ಹೇಳಿದ್ದು ನಿಜ" ಎಂದರು. ಆಮೇಲೆ ಅಧಿಕಾರಿಯ ಕಡೆ ತಿರುಗಿದರು. "ಹಾಗಾದರೆ ಎತ್ತಬಾರದು. ಆಳುಗಳಿಗೆ ಹೇಳಿಬಿಡಿ."

ದೊಡ್ಡ ಮನುಷ್ಯರು ಸೋಲುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇಷ್ಟು ಚೆನ್ನಾಗಿ ಸೋತವರನ್ನು ನೋಡಿರಲಿಲ್ಲ. ಸಂಜೆಗೆ ಆಳುಗಳು ಬಿಡಾರ ಕಿತ್ತು, ಮಸೆದ ಕೊಡಲಿ ಹೆಗಲಿಗೇರಿಸಿ ಹೊರಟರು. ರಾಜಮ್ಮ ದಾರಿಬದಿಯಲ್ಲಿ ನಿಂತು ಮಹಾರಾಣಿಯಂತೆ ಅವರನ್ನು ಬೀಳ್ಕೊಟ್ಟಳು. ಗೌಂಡರ್ ಹೋರಿಗೆ ಒಂದು ಹೊರೆ ಕಬ್ಬು ತಂದು ಹಾಕಿದರು. ನಾನು ನನ್ನ ಬೀಗ ಬಿಚ್ಚಿಕೊಂಡು ಬಂದೆ.

ಮರುದಿನ ಊರಿನಲ್ಲಿ ಸ್ವಲ್ಪ ಗಾಳಿಯೆದ್ದು ನಮ್ಮ ಹಿತ್ತಲಿನ ನುಗ್ಗೆ ಮರ ಬಿತ್ತು. ಕಡಿಯಲು ಆಳು ಬಂದ. ಅಮ್ಮ ಪೊರಕೆ ಹಿಡಿದುಕೊಂಡೇ ಬಾಗಿಲಿಗೆ ಬಂದು ಅವನನ್ನು ತಡೆದಳು.

"ಇರ್ಲಿ ಬುಡು. ಮೊದ್ಲು ಹೋರಿ ಬಂದು ನೋಡ್ಲಿ."